ಎಡಗಡೆ ಜೇಬು

ಕೌಲ್ ಬಜಾರಿನ ಹಿಂದಿನ ಓಣಿ, ರಾತ್ರಿ ಒಂಬತ್ತೂವರೆ.
ಬಿರಡೆಗೆ ಸೀಮೆಸುಣ್ಣ ಉಜ್ಜಿ ತಿರುವುತ್ತೇನೆ;
ಬಳ್ಳಾರಿಯ ಝಳಕ್ಕೆ ತಂತಿಯೂ ಸೋಲುತ್ತದೆ,
ಷಡ್ಜ ನಿಲ್ಲುವುದಿಲ್ಲ.

ಶೇಕ್ಷಾವಲಿ ಬರುತ್ತಾನೆ, ಕೈ ತೊಳೆದು.
ಎಷ್ಟು ತೊಳೆದರೂ ಉಗುರಿನಂಚಿಗೆ ಜೀನ್ಸಿನ ನೀಲಿ.
ಹಗಲೆಲ್ಲ ಜೇಬು ಹೊಲಿಯುತ್ತಾನೆ, ಬರೀ ಜೇಬು,
ಅದೂ ಎಡಗಡೆಯದು.

ಮೂರು ತಿಂಗಳಾಯಿತು, ಸರಳೆ ದಾಟಿಲ್ಲ.
ಕಮಾನು ಎಳೆಯೋ ಅಂದರೆ
ಸೂಜಿಯಡಿ ಬಟ್ಟೆ ನೂಕಿದಂತೆ ನೂಕುತ್ತಾನೆ.
ಬೈದಿದ್ದೇನೆ. ಒಮ್ಮೆ ಮೊಣಕೈಗೆ ಹೊಡೆದೂ ಇದ್ದೇನೆ,
ನನ್ನ ಗುರು ನನಗೆ ಹೊಡೆದ ಜಾಗಕ್ಕೇ.

ನಿನ್ನೆ ಕರೆಂಟು ಹೋಯಿತು.
ಫ್ಯಾನು ನಿಂತಿತು, ಶ್ರುತಿಪೆಟ್ಟಿಗೆಯೂ.
ಕತ್ತಲಲ್ಲಿ ಅವನೆಂದ:
"ಒಂದೊಂದು ಮಷೀನಿಗೆ ಒಂದೊಂದು ಸ್ವರ ಐತ್ರಿ ಸಾರ್.
ನಂದು ಪ.
ಹುಲಿಗೆಮ್ಮಂದು ಒಂಚೂರು ಇಳದೈತಿ,
ಎಣ್ಣಿ ಬಿಟ್ರ ಕೂಡ್ತೈತಿ."

ಆಮೇಲೆ ಗುನುಗಿದ
ಬಾಯಿ ಮುಚ್ಚಿಕೊಂಡೇ,
ದಾರ ಹರಿಯದ ಹೊಲಿಗೆಯ ಹಾಗೆ.

ಇಪ್ಪತ್ತೆರಡು ವರ್ಷ ಕಲಿಸಿದ ನಾನು
ತಡಕಾಡಿ ಬಿರಡೆ ಹಿಡಿದು
ಅವನಿಗೆ ತಂತಿ ಕೂಡಿಸಿಕೊಂಡೆ.

ಕರೆಂಟು ಬಂತು.
ಶ್ರುತಿಪೆಟ್ಟಿಗೆ ಬೇರೆಯೇ ಹೇಳಿತು.
ಆರಿಸಿದೆ.