ಮೀನಖಂಡ

ಗೋಡೆಯ ಪಟದಲ್ಲಿ ಚರ್ಮವಿಲ್ಲದ ಮನುಷ್ಯ
ಬೆನ್ನು ತಿರುವಿ ನಿಂತಿದ್ದಾನೆ.
ಅವನ ಮೊಣಕಾಲ ಹಿಂದಿನಿಂದ ಗೆರೆಯೊಂದು ಹೊರಟು
ಗ್ಯಾಸ್ಟ್ರೊಕ್ನೀಮಿಯಸ್ ಅನ್ನುತ್ತದೆ.

ಮಂಚದ ಮೇಲೆ ಬೋರಲು ಬಿದ್ದ ಶಾಬಾ ತಾಂಡೇಲ
ಅದೇ ಜಾಗ ಮುಟ್ಟಿಕೊಂಡು 'ಪೊಟ್ರಿ' ಅನ್ನುತ್ತಾನೆ.
ಮಾಜಾಳಿ ದಂಡೆಯಲ್ಲಿ ರಂಪಣಿ ಎಳೆಯುವಾಗ
ಹಿಮ್ಮಡಿ ಮರಳಿಗೆ ಊರಿ ಹಿಂದಕ್ಕೆ ವಾಲಿದ್ದ,
ಟಪ್ ಅಂದಿತಂತೆ.
ಯಾರೋ ಕಲ್ಲು ಹೊಡೆದರೆಂದು ತಿರುಗಿ ಬೈದನಂತೆ.
ಹಿಂದೆ ಗಾಳಿಮರ ಬಿಟ್ಟು ಯಾರೂ ಇರಲಿಲ್ಲ.

ನಾನು ಗದಗಿನವಳು. ನಮ್ಮಲ್ಲಿ ಅದು ಮೀನಖಂಡ.
ಸೆಳೆತ ಬಂದ ರಾತ್ರಿ ಎಣ್ಣೆ ತಿಕ್ಕುತ್ತ ಸೋದರತ್ತೆ
'ಒದ್ದಾಡತೈತಿ ನೋಡು ಮೀನು' ಅನ್ನುತ್ತಿದ್ದಳು,
ಕಾರಹುಣ್ಣಿಮೆಗೂ ಕೆರೆ ತುಂಬದ ಊರಲ್ಲಿ.

ಜೆಲ್ ಹಚ್ಚುತ್ತ ಹೇಳಿದೆ:
ಆ ಉದ್ದನೆಯ ಹೆಸರು ಬಿಚ್ಚಿದರೆ
ಗ್ರೀಕರ ಒಂದು ಹೊಟ್ಟೆ, ಒಂದು ಕಾಲು, ಅಷ್ಟೆ.
ಗಡಿಯಾಚೆ ಗೋವೆಯಲ್ಲಿ ನಾನೂರು ವರ್ಷ ಓಡಾಡಿದ
ಪೋರ್ಚುಗೀಸರಿಗೂ ಅದು ಕಾಲಿನ ಹೊಟ್ಟೆ.
ನಿನ್ನ ಪೊಟ್ರಿಯೂ ಪೋಟದ್ದೇ ಮರಿ.
ಆರು ವಾರ ಹಗ್ಗ ಮುಟ್ಟಬೇಡ.

'ಯಾವ ಹೊಟ್ಟೆಗೆ ಹೇಳ್ತಿದೀರಿ?' ಅಂದ.

ಫ್ರೆಂಚರದು ಬರೀ ಮೆತ್ತನೆಯದು.
ಇಂಗ್ಲಿಷಿನವರು ಅಲ್ಲಿ ಕರು ಕಟ್ಟಿದ್ದಾರೆ,
ಯಾಕೆಂದು ಅವರ ನಿಘಂಟಿಗೂ ಖಾತ್ರಿಯಿಲ್ಲ.

ದಿಂಬಿನೊಳಗಿಂದ ಕೇಳಿದ:
'ಮೀನು ನಿಮ್ಮದೊಂದೇ ಏನು?'

ಅಲ್ಲ. ಡಚ್ಚರ ಕೌಟ್, ರಷ್ಯನ್ನರ ಇಕ್ರಾ.
ಕಾಲಿನ ಈ ಮಾಂಸಕ್ಕೂ ಅದೇ ಮಾತು,
ಮೀನಿನ ಹೊಟ್ಟೆಯ ತತ್ತಿಗೂ ಅದೇ.
ಒಂದೇ ಬೇರಿನದೋ, ದಾರಿಯಲ್ಲಿ ಡಿಕ್ಕಿ ಹೊಡೆದ
ಎರಡು ಬೇರೆ ಶಬ್ದಗಳೋ,
ಪಂಡಿತರ ಜಗಳ ಮುಗಿದಿಲ್ಲ.

'ಗಾಬೋಳಿ!' ಎನ್ನುತ್ತ ನಕ್ಕ.
ಆಮೇಲೆ ನಗಲಿಲ್ಲ.
'ಇನ್ನೊಮ್ಮೆ ಹೇಳಿ, ರಷ್ಯದವರದ್ದು?'

ಇಕ್ರಾ.

ಬಹಳ ಹೊತ್ತು ಫ್ಯಾನು ತಿರುಗಿತು.

'ಗೋಕರ್ಣದ ಕಡೆ ಟೂರಿಸ್ಟ್ ಬೋಟು ಓಡಿಸ್ತಿದ್ದೆ, ಮೇಡಂ.
ಮುಳುಗ್ತಿದ್ದ ಒಬ್ಬಳನ್ನ ಎಳೆದು ತಂದೆ,
ಬಿಳಿ ಹೆಂಗಸು, ಒಂಟಿ.
ಮರಳಲ್ಲಿ ಮುದುಡಿ ಕೂತು ಅಳ್ತಿದ್ಲು,
ಇಕ್ರಾ ಇಕ್ರಾ ಅಂತ.
ಮಗಳ ಹೆಸರು ಅಂದುಕೊಂಡೆ.
ಮತ್ತೆ ನೀರಿಗಿಳಿದೆ.
ಅರ್ಧ ಗಂಟೆ ಹುಡುಕಿದೆ, ತಳ ಮುಟ್ಟಿ ಮುಟ್ಟಿ,
ಅದೇ ಹೆಸರು ಹಿಡಿದು ಕೂಗಿ.
ಅವಳು ದಂಡೆಯಿಂದ ಕೈ ಬೀಸ್ತಾನೇ ಇದ್ಲು.

ಇನ್ನೂ ಆಚೆ ಅಂತಿದಾಳೆ ಅಂದುಕೊಂಡೆ.'