ಭಗಣ

ಒತ್ತಿದೆ. ಒಂದು ಉದ್ದ, ಎರಡು ಗಿಡ್ಡ.
ಮತ್ತೆ ಒತ್ತಿದೆ.
ಗುರು, ಲಘು, ಲಘು.
ಎಂಟನೇ ಕ್ಲಾಸಿನಲ್ಲಿ ಮುನಿಶಾಮಪ್ಪ ಮೇಷ್ಟ್ರು
ಬೆತ್ತ ಆಡಿಸುತ್ತ ಹಾಕಿಸಿದ್ದ ಪ್ರಸ್ತಾರ
ಇಷ್ಟು ವರ್ಷದ ಮೇಲೆ ಶಿಡ್ಲಘಟ್ಟದಲ್ಲಿ,
ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ,
ಒಂದು ತಗಡಿನ ಪೆಟ್ಟಿಗೆಯೊಳಗಿಂದ ಕೂಗುತ್ತಿದೆ: ಭಗಣ, ಭಗಣ.
ನನ್ನ ಕಸುಬಿನಲ್ಲಿ ಅದರ ಅರ್ಥ
ಡಿಸ್‌ಪ್ಲೇ ಕಾರ್ಡು ಸರಿಯಾಗಿ ಕೂತಿಲ್ಲ.

ಇಮ್ದಾದ್ ಪಾಷಾರ ಫಿಲೇಚರಿನ ಆಫೀಸು ಅಂದರೆ
ಒಂದು ಮೇಜು, ಒಂದು ಗೋದ್ರೆಜ್ ಬೀರು,
ಸತ್ತು ವರ್ಷವಾದ ಯುಪಿಎಸ್ಸು (ಅದರ ಮೇಲೀಗ ಟೀ ಲೋಟ),
ಬಾಗಿಲಾಚೆಯೇ ಬಿಸಿನೀರಿನ ಬಾಣಲೆಗಳ ಸಾಲು.
ಬೆಂದ ಹುಳುವಿನ ವಾಸನೆಗೆ ಮೊದಲ ಹತ್ತು ನಿಮಿಷ ಮೂಗು ಜಗಳವಾಡುತ್ತದೆ,
ಆಮೇಲೆ ರಾಜಿಯಾಗುತ್ತದೆ.
ಲೆಕ್ಕ ಬರೆಯುವ ತಬಸ್ಸುಮ್ ಉಗುರು ಕಚ್ಚುತ್ತಾ ನಿಂತಿದ್ದಾಳೆ:
"ಅಣ್ಣ, ಇವತ್ತು ಶನಿವಾರ.
ಎಲ್ಲರ ಬಟವಾಡೆ ಅದರ ಹೊಟ್ಟೇಲಿದೆ."

ಆರು ಸ್ಕ್ರೂ ಬಿಚ್ಚಿ ಪಕ್ಕ ತೆಗೆದೆ.
ಧೂಳು ನನಗೆ ಹೊಸದಲ್ಲ. ಆದರೆ ಫ್ಯಾನಿನ ಕತ್ತಿಗೆ
ಸುತ್ತಿಕೊಂಡಿತ್ತು ಹಳದಿ ಎಳೆ,
ಯಾವಾಗ ಹಾರಿ ಬಂದಿತ್ತೋ,
ತಿರುಗಿದಷ್ಟೂ ನೂತುಕೊಂಡು, ಅರ್ಧ ಗೂಡಿನಷ್ಟು ದಪ್ಪ.
ಎಳೆದರೆ ಬರದು, ಕತ್ತರಿಸಿದರೆ ಒಳಗೆ ಉಳಿಯುತ್ತದೆ.

ಆಗಲೇ ಬಾಗಿಲಿಂದ ದನಿ: "ಏನಪ್ಪಾ, ತುದಿ ಸಿಕ್ತಾ?"
ಗಂಗುಲಮ್ಮ. ನೀರಲ್ಲಿ ನೆಂದು ನೆಂದು
ರೇಖೆಯೆಲ್ಲ ಅಳಿಸಿಹೋದ ಬೆರಳು.
ನಾನು ಜರುಗಿ ಜಾಗ ಕೊಡುವ ಮೊದಲೇ
ಉಗುರಿನ ಮೊನೆಯಿಂದ ಎರಡು ಸಲ ಕೆದಕಿದಳು,
ಎಳೆ ತಾನಾಗಿ ಎದ್ದು ಅವಳ ಹಿಂದೆ ನಡೆಯಿತು.

ಮಗಳ ಕಂಪಾಸ್ ಬಾಕ್ಸಿನಿಂದ ತಂದ ರಬ್ಬರಲ್ಲಿ
ಕಾರ್ಡಿನ ಹಿತ್ತಾಳೆ ಹಲ್ಲು ಉಜ್ಜಿದೆ, ಊದಿದೆ, ಒತ್ತಿ ಕೂರಿಸಿದೆ.
ಕೂಗು ಬದಲಾಯಿತು.
ಒಂದೇ ಒಂದು ಲಘು.
ತಬಸ್ಸುಮ್ ಕೈ ಮುಗಿಯುವಷ್ಟರಲ್ಲಿ ಪರದೆ ಕಪ್ಪು.

ಮತ್ತೆ ಹಚ್ಚಿದೆ. ಬಂತು, ಹೋಯಿತು.
ಪವರ್ ಸಪ್ಲೈ ಅಂದೆ. ಮದರ್‌ಬೋರ್ಡು ಅಂದೆ.
ಗೊತ್ತಿಲ್ಲದಾಗ ನಾವು ದೊಡ್ಡ ಭಾಗದ ಹೆಸರು ಹೇಳುತ್ತೇವೆ,
ಗಿರಾಕಿ ಹೆದರಿ ಸುಮ್ಮನಾಗುತ್ತಾರೆ.
ಗಂಗುಲಮ್ಮ ಸುಮ್ಮನಾಗಲಿಲ್ಲ.
"ನಮ್ಮ ಮೋಟ್ರು ಹಾಕಿದಾಗೆಲ್ಲ ಅದು ಹೋಗ್ತದೆ.
ನೋಡು ಬೇಕಾದ್ರೆ, ಏಯ್ ಚೌಡಿ, ಹಾಕೇ!"
ಆಚೆ ಚರಕದ ಸಾಲು ಗುಯ್‌ಗುಟ್ಟಿತು.
ಬಲ್ಬು ಒಂದು ಕ್ಷಣ ಕೆಂಪಗಾಯಿತು.
ಪರದೆ ಕಪ್ಪು.

ನನ್ನ ಹದಿನಾಲ್ಕು ವರ್ಷದ ಅನುಭವ
ಪ್ಲಗ್ಗು ಕಿತ್ತುಕೊಂಡು, ತಲೆ ತಗ್ಗಿಸಿ,
ಎದುರು ಗೋಡೆಯ ಬೇರೆ ಲೈನಿಗೆ ಹೋಯಿತು.

ಎದ್ದು ಕೂತ ಯಂತ್ರ ಮೊದಲು ಕೇಳಿದ್ದು ತಾರೀಖು.
ಬಿಲ್ಲೆಯಂಥ ಬ್ಯಾಟರಿ ಬತ್ತಿ ಎಷ್ಟು ದಿನವೋ.
ಕರೆಂಟು ಹೋಗಿ ಬಂದಾಗೆಲ್ಲ ಅದಕ್ಕೆ
ಅವತ್ತು ಒಂದು, ಒಂದು, ಎರಡು ಸಾವಿರದ ಒಂಬತ್ತು.
ತಬಸ್ಸುಮ್ ಹಾಜರಿ ತೆರೆದು ಓದಿದಳು:
"ಗಂಗುಲಮ್ಮ, ಐದು ದಿನ."
"ಆರು."
"ಇದರಲ್ಲಿ ಐದೇ ಇದೆ ಅಜ್ಜಿ."
ಗಂಗುಲಮ್ಮ ಮಾತಾಡದೆ ಗೋಡೆ ತೋರಿಸಿದಳು:
ಇದ್ದಿಲಲ್ಲಿ ಆರು ಗೀಟು, ಒಂದೂ ಅಡ್ಡಾದಿಡ್ಡಿಯಿಲ್ಲ.

ಹುಡುಕಿದೆ.
ಕಾಲವನ್ನು ಹಿಂದಕ್ಕೆ, ಹಿಂದಕ್ಕೆ ಸರಿಸುತ್ತ ಹೋದರೆ
ಹೊಸ ವರ್ಷದ ಮೊದಲ ಬೆಳಿಗ್ಗೆ,
ಈ ಫಿಲೇಚರಿಗೆ ಪಾಯವೂ ತೋಡದಿದ್ದ ದಿನ,
ಒಬ್ಬಳೇ ಕೂತು ನೂಲು ತೆಗೆಯುತ್ತಿದ್ದಾಳೆ ಗಂಗುಲಮ್ಮ.
ಅವಳ ಬುಧವಾರ ಅಲ್ಲಿತ್ತು.

ತಾರೀಖು ತಿದ್ದಿದೆವು. ಕೂಲಿ ಆರು ದಿನದ್ದಾಯಿತು.
ಎಣಿಸಿಕೊಂಡು ಸೆರಗಿಗೆ ಗಂಟು ಹಾಕಿದಳು, ನನ್ನತ್ತ ನೋಡಲಿಲ್ಲ.
"ಬ್ಯಾಟ್ರಿ ಸೋಮವಾರ ತರ್ತೀನಿ" ಅಂದೆ.
ಪಾಷಾ ಇನ್ನೂರು ಕೊಟ್ಟರು. ಯಾವುದಕ್ಕೆ ಅಂತ
ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಚಿಂತಾಮಣಿ ಬಸ್ಸಿನಲ್ಲಿ ಟಿಕೆಟ್ಟಿಗೆ ಚಿಲ್ಲರೆ ತಡಕಿದರೆ
ಬೆರಳಿಗೆ ಸಿಕ್ಕಿದ್ದು ಒಂದು ಸ್ಕ್ರೂ.
ಬಿಚ್ಚಿದ್ದು ಆರು, ಹಾಕಿದ್ದು ಐದು.
ಗಂಗುಲಮ್ಮ ಎಣಿಸಿರುತ್ತಾಳೆ.