ಶಬ್ದದ ದೂರು

ಉಮ್ಮುಲ್ ಕುವೈನಿನಿಂದ ಕರೆ. ಆಗಸ್ಟು, ರಾತ್ರಿ ಎರಡು.
"ಹಕ್ಕಿಮನೆಯ ಏಸಿ ಗೊರಗುಟ್ಟುತ್ತಿದೆ,
ಅರ್ಬಾಬ್ ಮಲಗಿಲ್ಲ, ಬೇಗ ಬಾ."

ಹನ್ನೊಂದು ಬೇಸಿಗೆ ಪಳಗಿದ ಕಿವಿ ನನ್ನದು.
ಬೇರಿಂಗು ಸವೆದರೆ ಕೀರಲು,
ಗ್ಯಾಸು ಸೋರಿದರೆ ಮುದುಕರ ಉಸಿರು,
ಬಾಗಿಲಲ್ಲೇ ನಿಂತು ಕಾಯಿಲೆ ಹೇಳಬಲ್ಲೆ.
ಇದು ಯಾವುದೂ ಅಲ್ಲ.
ಇದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗಿತು,
ಖಾಲಿ ಹಗೇವಿಗೆ ಬಾಯಿಟ್ಟು
ಯಾರೋ 'ಹೂಂ' ಅಂದಂತೆ.

ಸ್ವಿಚ್ಚು ಆರಿಸಿದೆ.
ಯಂತ್ರ ನಿಂತಿತು. 'ಹೂಂ' ಇನ್ನೊಂದು ಸಲ ಬಂತು,
ಕೊನೆಗೆ ತುಸು ಮೇಲೆದ್ದು, ಪ್ರಶ್ನೆಯ ಹಾಗೆ.
ಆಮೇಲೆ ಅದೂ ಇಲ್ಲ.

ಟಾರ್ಚು ಹಾಯಿಸಿದರೆ, ಕೊಂಬೆಯ ಮೇಲೆ ಅದು.
ಟರ್ಕಿಯಷ್ಟು ದಪ್ಪ, ಟರ್ಕಿಯಲ್ಲ.
ಕಾಡಿಗೆ ಮೈ, ಹೊಟ್ಟೆಯಡಿ ಸುಣ್ಣ,
ಕೊಕ್ಕಿನ ಬುಡಕ್ಕೆ ನಿಂಬೆಹಣ್ಣು ಮೆತ್ತಿದಂಥ ಹಳದಿ ಗುಬುಟು,
ನೆತ್ತಿಯಲ್ಲಿ ಗುಂಗುರು ಜುಟ್ಟು,
ಸಲೂನಿನಿಂದ ಈಗಷ್ಟೇ ಎದ್ದು ಬಂದ ಮದುಮಗ.

ಉಪ್ಪಿನಂಗಡಿಯ ಇದಿನಬ್ಬ ಬೀಗದ ಗೊಂಚಲು ಹಿಡಿದು ನಿಂತಿದ್ದ.
ಇದರ ಹೆಸರು?
"ಕಾಗದದಲ್ಲಿ ಎಂತದೋ ಉಂಟು, ನಾಲಿಗೆ ತಿರುಗುದಿಲ್ಲ.
ಅರ್ಬಾಬ್ ದೀಕ್ ಅಂತಾರೆ. ನಾನು ಎಂತ ಕರೆಯುದೂ ಇಲ್ಲ,
ಬಾಗಿಲು ತೆಗೆದರೆ ಬರ್ತದೆ."
ಹೆಣ್ಣೂ ಇತ್ತಂತೆ, ಕಂದು ಬಣ್ಣ, ರೆಕ್ಕೆ ತುಂಬ ಪಟ್ಟೆ.
ಮೊದಲ ವರ್ಷದ ಜುಲೈ, ಕರೆಂಟು ಹೋದ ಮಧ್ಯಾಹ್ನ.
"ನಾಲ್ಕು ಗಂಟೆ ಹೋಗಿತ್ತು" ಎಂದ,
ಮುಂದಕ್ಕೆ ಹೇಳಲಿಲ್ಲ.

ಗ್ರಿಲ್ಲು ಬಿಚ್ಚಿದೆ.
ಗಾಳಿ ಎಳೆಯುವ ಪ್ರತಿ ಸಂದಿನಲ್ಲೂ
ಒಣಗಿ ಚಕ್ಕಳವಾದ ಹಣ್ಣಿನ ಚೂರು,
ಒಂದರ ಬೆನ್ನಿಗೊಂದು ಒತ್ತಿ ಇಟ್ಟಿದ್ದು.

"ಗಂಡು ಮೊದಲು ತಿನ್ನುದಿಲ್ಲ ಮಾರಾಯ,
ಕೊಕ್ಕಲ್ಲಿ ಹಿಡಿದು ಹೆಣ್ಣಿಗೆ ಕೊಡುದು.
ಈಗ ಇದಕ್ಕೆ ಹೂಂಗುಟ್ಟುವವರು
ಈ ಪೆಟ್ಟಿಗೆ ಬಿಟ್ರೆ ಯಾರಿದ್ದಾರೆ?"

ಇಬ್ಬರೂ ಕೂತು ಕೆರೆದೆವು.
"ಬಪ್ಪಂಗಾಯಿ" ಎಂದ ಅವನು. ಪರಂಗಿ, ಎಂದೆ ನಾನು.
"ನಿಮ್ಮ ಮಳವಳ್ಳಿಯಲ್ಲಿ ಹಾಗಾ?"
ಹಾಗೇ.
ಹಣ್ಣೂ ಈ ಹಕ್ಕಿಯ ಕಾಡಿನ ಕಡೆಯದೇ,
ಎರಡು ಕಡಲಾಚೆಯದು.
ಯಾವನ ಹಡಗಿನಲ್ಲೋ ಬೀಜವಾಗಿ ಬಂದು
ನಮ್ಮ ಬಚ್ಚಲ ನೀರು ಕುಡಿದು ಬೆಳೆಯಿತು.
ಪರಕೀಯ ಅಂತ ಹೆಸರಿಟ್ಟೇ
ಮನೆಯದು ಮಾಡಿಕೊಂಡೆವು.
ಹಕ್ಕಿಗೆ ಆ ಹಡಗು ಸಿಗಲಿಲ್ಲ.
ನನ್ನ ಲೇಬರ್ ಕಾರ್ಡಿನಲ್ಲಿ ಅರಬ್ಬಿ ಅಕ್ಷರದಲ್ಲಿರುವುದೂ
ಬಹುಶಃ ಪರಂಗಿ ಅಂತಲೇ. ಓದಿಸಿ ನೋಡಿಲ್ಲ.

ಕಾಯಿಲ್ ತೊಳೆದೆ, ಬುಶ್ ಬದಲಿಸಿದೆ, ಎಣ್ಣೆ ಬಿಟ್ಟೆ.
ಯಂತ್ರ ಹೊಸ ಸೊಸೆಯಂತೆ ಸದ್ದಿಲ್ಲದೆ ಓಡಿತು.
ಇದಿನಬ್ಬ ಹೆಬ್ಬೆರಳೆತ್ತಿದ.
ಹಕ್ಕಿ ಕೊಂಬೆಯಿಳಿದು ಬಂತು.
ಗ್ರಿಲ್ಲಿನ ಮುಂದೆ ಕತ್ತು ಓರೆ ಮಾಡಿ ನಿಂತಿತು,
ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು.
'ಹೂಂ' ಎಂದಿತು.
ಕಾಯಿತು.
ಆಚೆ ಕಾಂಡ್ಲಾ ಗಿಡಗಳ ಕೆಸರಲ್ಲಿ
ಇಳಿತದ ನೀರು ಗುಳುಗುಳು ಅಂದದ್ದೂ ಕೇಳುವಷ್ಟು ಹೊತ್ತು.

ಸ್ಪ್ಯಾನರು ಪುನಃ ತೆಗೆದೆ.
ಕಂಪ್ರೆಸರಿನ ಅಡಿಯ ಎಡಗಡೆಯ ಬೋಲ್ಟು,
ಅರ್ಧ ಸುತ್ತು, ಇನ್ನೊಂದು ಕಾಲು ಸುತ್ತು,
ತಗಡು ನಡುಗಿ ಗಂಟಲು ಬಿಚ್ಚುವವರೆಗೆ.
ಕಲಿಸಿದ ಉಸ್ತಾದ್ ನೋಡಿದ್ದರೆ
ಅದೇ ಸ್ಪ್ಯಾನರಿನಿಂದ ಬೆರಳಿಗೆ ಕೊಡುತ್ತಿದ್ದರು.

ಜಾಬ್ ಕಾರ್ಡಿನಲ್ಲಿ ಬರೆದೆ:
ದೋಷ, ಹಣ್ಣು. ತೆಗೆಯಲಾಗಿದೆ.
ಶಬ್ದ, ಯಂತ್ರಕ್ಕೆ ವಯಸ್ಸಾಗಿದೆ, ಹೀಗೇ ಇರುತ್ತದೆ.
ಸಹಿ, ನಿಂಗರಾಜು.

ಅರ್ಬಾಬನ ಕಿಟಕಿಯಲ್ಲಿ ಇನ್ನೂ ದೀಪವಿತ್ತು.
ಹಕ್ಕಿ ಏನೆಂದಿತೋ ಕೇಳಲು ನಿಲ್ಲಲಿಲ್ಲ,
ಅಜ್ಮಾನಿನಲ್ಲಿ ಇನ್ನೆರಡು ಮನೆ ಬೆವರುತ್ತಿದ್ದವು.
ವ್ಯಾನಿನ ಸೀಟಿನ ಮೇಲೆ ಇದಿನಬ್ಬ
ಪೇಪರಿನಲ್ಲಿ ಸುತ್ತಿ ಅರ್ಧ ಹಣ್ಣು ಇಟ್ಟಿದ್ದ.
ಬೀಜ ತೆಗೆದಿರಲಿಲ್ಲ.